ಹಾರ್ಲೆಮ್ ಪ್ರೆಪ್

ಹಾರ್ಲೆಮ್ ಪ್ರೆಪ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ನಗರದ ಹಾರ್ಲೆಮ್ ಪ್ರದೇಶದಲ್ಲಿ 1967ರಿಂದ 1974ರವರೆಗೆ ಸ್ವತಂತ್ರವಾಗಿ ನಡೆದ ಪರ್ಯಾಯ ಪ್ರೌಢಶಾಲೆಯಾಗಿದೆ. ಸಾರ್ವಜನಿಕ ಪ್ರೌಢಶಾಲೆಗಳನ್ನು ಅರ್ಧದಲ್ಲಿಯೇ ಬಿಟ್ಟಿದ್ದ ಅಥವಾ ಅಲ್ಲಿಂದ ಹೊರಗುಳಿಯುವಂತೆ ಮಾಡಲ್ಪಟ್ಟಿದ್ದ ಯುವಕ ಯುವತಿಯರನ್ನು ಸೇರಿಸಿಕೊಂಡು, ಅವರನ್ನು ಕಾಲೇಜು ಶಿಕ್ಷಣಕ್ಕೆ ಸಿದ್ಧಪಡಿಸುವುದು ಈ ಶಾಲೆಯ ಉದ್ದೇಶವಾಗಿತ್ತು. ಶಾಲೆಯಲ್ಲಿ ಶುಲ್ಕವಿರಲಿಲ್ಲ. ಏಳು ವರ್ಷಗಳ ಅವಧಿಯಲ್ಲಿ 750ಕ್ಕೂ ಹೆಚ್ಚು ವಿದ್ಯಾರ್ಥಿಗಳು ಇಲ್ಲಿಂದ ಕಾಲೇಜುಗಳಿಗೆ ಪ್ರವೇಶ ಪಡೆದರು. ಹಣದ ಕೊರತೆಯಿಂದಾಗಿ 1974ರಲ್ಲಿ ಶಾಲೆಯು ನಗರದ ಶಿಕ್ಷಣ ಮಂಡಳಿಯ ಅಧೀನಕ್ಕೆ ಹೋಯಿತು. ಅಲ್ಲಿಗೆ ಅದರ ಸ್ವತಂತ್ರ ಅಸ್ತಿತ್ವವು ಕೊನೆಗೊಂಡಿತು.

ಈ ಲೇಖನವು ಶಾಲೆಯ ಇತಿಹಾಸದೊಂದಿಗೆ, ಮುಖ್ಯವಾಗಿ ಅದರ ದಾಖಲಾತಿಯ ಕ್ರಮವನ್ನೂ ವಿದ್ಯಾರ್ಥಿ ಸಮುದಾಯದ ಸ್ವರೂಪವನ್ನೂ ವಿವರಿಸುತ್ತದೆ.

ಹೆಸರು

ಶಾಲೆಯ ಪೂರ್ಣ ಹೆಸರು ಹಾರ್ಲೆಮ್ ಪ್ರಿಪರೇಟರಿ ಸ್ಕೂಲ್. 'ಪ್ರೆಪ್' ಎಂಬುದು 'ಪ್ರಿಪರೇಟರಿ' ಪದದ ಸಂಕ್ಷಿಪ್ತ ರೂಪ. ಅಮೆರಿಕದಲ್ಲಿ ಈ ಪದವನ್ನು ಬಹುಕಾಲದಿಂದ ಶ್ರೀಮಂತ ಕುಟುಂಬಗಳ ಮಕ್ಕಳು ಓದುವ, ದುಬಾರಿ ಶುಲ್ಕದ ಖಾಸಗಿ ಶಾಲೆಗಳಿಗೆ ಬಳಸುತ್ತಿದ್ದರು. ಅಂತಹ ಶಾಲೆಗಳಲ್ಲಿ ಓದಿದವರು ಪ್ರತಿಷ್ಠಿತ ವಿಶ್ವವಿದ್ಯಾಲಯಗಳಿಗೆ ಹೋಗುವುದು ರೂಢಿಯಾಗಿತ್ತು. ಬಡತನಕ್ಕೆ ಹೆಸರಾಗಿದ್ದ ಹಾರ್ಲೆಮ್ ಎಂಬ ಸ್ಥಳನಾಮಕ್ಕೆ ಈ ಪದವನ್ನು ಜೋಡಿಸಿದ್ದರಲ್ಲಿಯೇ ಸ್ಥಾಪಕರ ಆಶಯವು ವ್ಯಕ್ತವಾಗುತ್ತದೆ. 'ಮೋಜಾ, ಲೋಗೊ' ಎಂಬುದು ಶಾಲೆಯ ಧ್ಯೇಯವಾಕ್ಯವಾಗಿತ್ತು. ಐಕ್ಯ ಮತ್ತು ಸೋದರತ್ವ ಎಂಬ ಅರ್ಥದಲ್ಲಿ ಇದನ್ನು ಬಳಸುತ್ತಿದ್ದರು. ಇದರಲ್ಲಿ 'ಮೋಜಾ' ಎಂಬುದು ಸ್ವಾಹಿಲಿ ಭಾಷೆಯಲ್ಲಿ 'ಒಂದು' ಎಂಬುದನ್ನು ಸೂಚಿಸುವ ಪದವಾಗಿದೆ.

ಹಿನ್ನೆಲೆ

ಹಾರ್ಲೆಮ್ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ಉತ್ತರ ಭಾಗದಲ್ಲಿದೆ. ಇಪ್ಪತ್ತನೆಯ ಶತಮಾನದ ಆರಂಭದಿಂದ ಅಮೆರಿಕದ ದಕ್ಷಿಣದ ರಾಜ್ಯಗಳ ಆಫ್ರಿಕನ್ ಅಮೆರಿಕನ್ನರು ಉದ್ಯೋಗವನ್ನೂ ಸುರಕ್ಷಿತ ಬದುಕನ್ನೂ ಅರಸಿ ಉತ್ತರದ ನಗರಗಳಿಗೆ ದೊಡ್ಡ ಸಂಖ್ಯೆಯಲ್ಲಿ ವಲಸೆ ಬಂದರು. ಹಾರ್ಲೆಮ್ ಅವರ ಸಾಂಸ್ಕೃತಿಕ ರಾಜಧಾನಿಯೆನಿಸಿತು. ಎರಡನೆಯ ಮಹಾಯುದ್ಧದ ನಂತರ ಪೋರ್ಟೊ ರಿಕೊ ದ್ವೀಪದಿಂದ ಬಂದ ಸ್ಪ್ಯಾನಿಷ್ ಭಾಷಿಕರು ಪೂರ್ವ ಹಾರ್ಲೆಮ್‌ನಲ್ಲಿ ನೆಲೆಸಿದರು.

ಶಾಲೆಗಳಲ್ಲಿ ಜನಾಂಗೀಯ ಪ್ರತ್ಯೇಕತೆಯು ಸಂವಿಧಾನಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ತೀರ್ಪು ನೀಡಿತು. ಆದರೆ ನ್ಯೂಯಾರ್ಕ್‌ನಂತಹ ಉತ್ತರದ ನಗರಗಳಲ್ಲಿ ಪ್ರತ್ಯೇಕತೆಯು ಕಾನೂನಿನ ಮೂಲಕವಲ್ಲ, ವಸತಿ ಪ್ರದೇಶಗಳ ವಿಂಗಡಣೆಯ ಮೂಲಕ ಮುಂದುವರಿದಿತ್ತು. ಕಪ್ಪು ಜನರು ಮತ್ತು ಪೋರ್ಟೊ ರಿಕೊ ಮೂಲದವರು ವಾಸಿಸುವ ಪ್ರದೇಶಗಳ ಶಾಲೆಗಳಲ್ಲಿ ಕಿಕ್ಕಿರಿದ ತರಗತಿಗಳು, ಹಳೆಯ ಕಟ್ಟಡಗಳು ಮತ್ತು ಅನುಭವಿ ಶಿಕ್ಷಕರ ಕೊರತೆ ಸಾಮಾನ್ಯವಾಗಿದ್ದವು. ಇದನ್ನು ಪ್ರತಿಭಟಿಸಿ 1964ರ ಫೆಬ್ರವರಿ 3ರಂದು ನಡೆದ ಶಾಲಾ ಬಹಿಷ್ಕಾರದಲ್ಲಿ 4 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ತರಗತಿಗಳಿಂದ ದೂರ ಉಳಿದರು. ಅದೇ ವರ್ಷ ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ ಅವರ ಮಾರ್ಗದರ್ಶನದಲ್ಲಿ ಸಿದ್ಧವಾದ ವರದಿಯೊಂದು, ಹಾರ್ಲೆಮ್‌ನ ಮಕ್ಕಳು ಮೇಲಿನ ತರಗತಿಗಳಿಗೆ ಹೋದಂತೆಲ್ಲ ಕಲಿಕೆಯಲ್ಲಿ ಹೆಚ್ಚು ಹೆಚ್ಚು ಹಿಂದುಳಿಯುತ್ತಿದ್ದಾರೆ ಎಂಬುದನ್ನು ತೋರಿಸಿತು. ಜುಲೈ ತಿಂಗಳಲ್ಲಿ, ಹದಿನೈದು ವರ್ಷದ ಕಪ್ಪು ಬಾಲಕನೊಬ್ಬನು ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದ ನಂತರ, ಹಾರ್ಲೆಮ್‌ನಲ್ಲಿ ದಂಗೆ ಭುಗಿಲೆದ್ದಿತು.

ಅಮೆರಿಕದ ಪ್ರೌಢಶಾಲೆಯು ಸಾಮಾನ್ಯವಾಗಿ 9ರಿಂದ 12ನೆಯ ತರಗತಿಯವರೆಗೆ ಇರುತ್ತದೆ. ಅಂದರೆ ಕರ್ನಾಟಕದ ಪ್ರೌಢಶಾಲೆ ಮತ್ತು ಪದವಿಪೂರ್ವ ಹಂತಗಳನ್ನು ಸರಿಸುಮಾರು ಒಟ್ಟುಗೂಡಿಸಿದಂತೆ. ನ್ಯೂಯಾರ್ಕ್‌ನ ಪ್ರೌಢಶಾಲೆಗಳು ಆಗ ಒಂದಕ್ಕಿಂತ ಹೆಚ್ಚು ಬಗೆಯ ಪ್ರಮಾಣಪತ್ರಗಳನ್ನು ನೀಡುತ್ತಿದ್ದವು. ಕಾಲೇಜಿಗೆ ಹೋಗಲು ನೆರವಾಗುತ್ತಿದ್ದುದು ಶೈಕ್ಷಣಿಕ ಪ್ರಮಾಣಪತ್ರ ಮಾತ್ರ. ಬಡ ಬಡಾವಣೆಗಳ ಅನೇಕ ವಿದ್ಯಾರ್ಥಿಗಳಿಗೆ ದೊರೆಯುತ್ತಿದ್ದುದು ಸಾಮಾನ್ಯ ಪ್ರಮಾಣಪತ್ರವಾಗಿತ್ತು. ಹೀಗಾಗಿ ಶಾಲೆ ಬಿಟ್ಟವರಷ್ಟೇ ಅಲ್ಲದೆ, ಶಾಲೆ ಮುಗಿಸಿದವರಲ್ಲಿಯೂ ಬಹುಮಂದಿಗೆ ಉನ್ನತ ಶಿಕ್ಷಣದ ಬಾಗಿಲು ಮುಚ್ಚಿಯೇ ಇತ್ತು.

ಆ ಕಾಲದಲ್ಲಿ ಶಾಲೆ ಬಿಟ್ಟ ಯುವಕರ ಮುಂದಿದ್ದ ದಾರಿಗಳು ಕಠಿಣವಾಗಿದ್ದವು. ವಿಯೆಟ್ನಾಂ ಯುದ್ಧಕ್ಕಾಗಿ ಸೈನ್ಯಕ್ಕೆ ಕಡ್ಡಾಯ ಭರ್ತಿ ನಡೆಯುತ್ತಿತ್ತು. ಕಾಲೇಜಿನಲ್ಲಿ ಓದುತ್ತಿರುವವರಿಗೆ ಅದರಿಂದ ತಾತ್ಕಾಲಿಕ ವಿನಾಯಿತಿ ದೊರೆಯುತ್ತಿತ್ತು. ಶಾಲೆ ಬಿಟ್ಟವರಿಗೆ ಅಂತಹ ರಕ್ಷಣೆಯಿರಲಿಲ್ಲ. ಇದೇ ಅವಧಿಯಲ್ಲಿ ಹಾರ್ಲೆಮ್‌ನಲ್ಲಿ ಹೆರಾಯಿನ್ ವ್ಯಸನವು ತೀವ್ರವಾಗಿ ಹರಡುತ್ತಿತ್ತು. ಹಾಗಾಗಿ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಇರುವುದು ಅಥವಾ ಇಲ್ಲದಿರುವುದು ಬದುಕಿನ ದಿಕ್ಕನ್ನೇ ನಿರ್ಧರಿಸುವ ಸಂಗತಿಯಾಗಿತ್ತು.

ಬೀದಿ ಅಕಾಡೆಮಿಗಳು

ಆಫ್ರಿಕನ್ ಅಮೆರಿಕನ್ನರ ಉದ್ಯೋಗ ಮತ್ತು ಶಿಕ್ಷಣಕ್ಕಾಗಿ ಕೆಲಸ ಮಾಡುವ ನ್ಯೂಯಾರ್ಕ್ ಅರ್ಬನ್ ಲೀಗ್ ಸಂಸ್ಥೆಯು 1960ರ ದಶಕದ ಮಧ್ಯಭಾಗದಲ್ಲಿ 'ಬೀದಿ ಅಕಾಡೆಮಿ'ಗಳೆಂಬ ಸಣ್ಣ ಕಲಿಕಾ ಕೇಂದ್ರಗಳನ್ನು ತೆರೆಯಿತು. ಯೂಜೀನ್ ಕ್ಯಾಲೆಂಡರ್ ಅವರು ಆಗ ಲೀಗ್‌ನ ನೇತೃತ್ವ ವಹಿಸಿದ್ದರು. ರಸ್ತೆ ಬದಿಯ ಖಾಲಿ ಅಂಗಡಿ ಮಳಿಗೆಗಳಲ್ಲಿ ಈ ಕೇಂದ್ರಗಳು ನಡೆಯುತ್ತಿದ್ದವು. ಕಾರ್ಯಕರ್ತರು ಬೀದಿಗಳಲ್ಲಿಯೇ ಯುವಕರನ್ನು ಭೇಟಿಯಾಗಿ, ಅವರೊಡನೆ ಪರಿಚಯ ಬೆಳೆಸಿ, ಓದಿಗೆ ಕರೆತರುತ್ತಿದ್ದರು. ಫೋರ್ಡ್ ಪ್ರತಿಷ್ಠಾನ ಹಾಗೂ ಕೆಲವು ದೊಡ್ಡ ಉದ್ಯಮ ಸಂಸ್ಥೆಗಳು ಇವುಗಳಿಗೆ ಹಣ ಒದಗಿಸಿದವು.

ಈ ವ್ಯವಸ್ಥೆಯಲ್ಲಿ ಮೂರು ಹಂತಗಳಿದ್ದವು. ಮೊದಲನೆಯದು ಓದು ಬರಹ ಮತ್ತು ಲೆಕ್ಕದ ತಳಹದಿಯನ್ನು ಗಟ್ಟಿಗೊಳಿಸುವ ಬೀದಿ ಅಕಾಡೆಮಿ. ಎರಡನೆಯದು ಪ್ರೌಢಶಾಲೆಯ ವಿಷಯಗಳಿಗೆ ಹೊಂದಿಸುವ ನಡುವಣ ಅಕಾಡೆಮಿ. ಮೂರನೆಯದು ಕಾಲೇಜಿಗೆ ಸಿದ್ಧಪಡಿಸುವ ಶಾಲೆ. ಈ ಮೂರನೆಯ ಹಂತದ ಅಗತ್ಯವನ್ನು ಪೂರೈಸಲು ಹುಟ್ಟಿದ್ದೇ ಹಾರ್ಲೆಮ್ ಪ್ರೆಪ್.

ಸ್ಥಾಪನೆ

ಹಾರ್ಲೆಮ್ ಪ್ರೆಪ್ ಶಾಲೆಯು ಅರ್ಬನ್ ಲೀಗ್ ಮತ್ತು ಮ್ಯಾನ್‌ಹಟನ್‌ವಿಲ್ ಕಾಲೇಜುಗಳ ಸಹಕಾರದಿಂದ 1967ರ ಶರತ್ಕಾಲದಲ್ಲಿ ಆರಂಭವಾಯಿತು. ಮ್ಯಾನ್‌ಹಟನ್‌ವಿಲ್ ಕಾಲೇಜು ಕ್ಯಾಥೊಲಿಕ್ ಸನ್ಯಾಸಿನಿಯರು ಸ್ಥಾಪಿಸಿದ ವಿದ್ಯಾಸಂಸ್ಥೆ. ಅದು ಹಿಂದೆ ಹಾರ್ಲೆಮ್‌ಗೆ ಹೊಂದಿಕೊಂಡ ಮ್ಯಾನ್‌ಹಟನ್‌ವಿಲ್ ಪ್ರದೇಶದಲ್ಲಿದ್ದು, 1952ರಲ್ಲಿ ನಗರದ ಹೊರಗಿನ ಪರ್ಚೇಸ್ ಎಂಬಲ್ಲಿಗೆ ಸ್ಥಳಾಂತರಗೊಂಡಿತ್ತು. ಆ ಕಾಲೇಜಿನ ಸನ್ಯಾಸಿನಿ ರೂತ್ ಡೌಡ್ ಅವರು ಹೊಸ ಶಾಲೆಯನ್ನು ಕಟ್ಟುವುದರಲ್ಲಿ ಪಾಲ್ಗೊಂಡರು. ಎಡ್ವರ್ಡ್ ಕಾರ್ಪೆಂಟರ್ ಮುಖ್ಯೋಪಾಧ್ಯಾಯರಾದರು. ಅವರ ಪತ್ನಿ ಆನ್ ಕಾರ್ಪೆಂಟರ್ ಇಂಗ್ಲಿಷ್ ಬೋಧಿಸಿದರು.

ಮೊದಲಿಗೆ ತರಗತಿಗಳು ಹಾರ್ಲೆಮ್‌ನ 369ನೆಯ ಪದಾತಿ ದಳದ ಶಸ್ತ್ರಾಗಾರದ ಕಟ್ಟಡದಲ್ಲಿ ನಡೆದವು. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಹೆಸರುವಾಸಿಯಾದ ಕಪ್ಪು ಸೈನಿಕರ ದಳ ಅದಾಗಿತ್ತು. ಮರುವರ್ಷ ಶಾಲೆಯು ಎಂಟನೆಯ ಅವೆನ್ಯೂ ರಸ್ತೆಯಲ್ಲಿದ್ದ, ಹಿಂದೆ ಸೂಪರ್ ಮಾರ್ಕೆಟ್ ಆಗಿದ್ದ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಅದನ್ನು ಶಾಲೆಯಾಗಿ ಮಾರ್ಪಡಿಸಿದಾಗ ಕೊಠಡಿಗಳನ್ನು ಪ್ರತ್ಯೇಕಿಸುವ ಗೋಡೆಗಳನ್ನು ಕಟ್ಟಲಿಲ್ಲ. ವಿಶಾಲವಾದ ಒಂದೇ ಅಂಗಳದಲ್ಲಿ ಹಲವು ತರಗತಿಗಳು ಏಕಕಾಲಕ್ಕೆ ನಡೆಯುತ್ತಿದ್ದವು.

ದಾಖಲಾತಿಯ ಕ್ರಮ

ಹಾರ್ಲೆಮ್ ಪ್ರೆಪ್ ಖಾಸಗಿ ಶಾಲೆಯಾಗಿದ್ದುದರಿಂದ, ಸಾರ್ವಜನಿಕ ಶಾಲೆಗಳಂತೆ ಅದಕ್ಕೆ ನಿಗದಿತ ಭೌಗೋಳಿಕ ವ್ಯಾಪ್ತಿ ಇರಲಿಲ್ಲ. ವಿದ್ಯಾರ್ಥಿಯು ಇಂತಹ ಬೀದಿಯಲ್ಲಿಯೇ ವಾಸಿಸಬೇಕೆಂಬ ನಿಯಮವೂ ಇರಲಿಲ್ಲ. ಬೀದಿ ಅಕಾಡೆಮಿಗಳಿಂದ ಮೇಲೇರಿ ಬಂದವರು ಆರಂಭದ ವಿದ್ಯಾರ್ಥಿಗಳಾಗಿದ್ದರು. ಶಾಲೆಯ ಹೆಸರು ಹರಡಿದಂತೆ, ಗೆಳೆಯರು ಮತ್ತು ಬಂಧುಗಳಿಂದ ಕೇಳಿ ತಾವಾಗಿಯೇ ಬಂದು ಸೇರಿದವರ ಸಂಖ್ಯೆ ಹೆಚ್ಚಿತು.

ಪ್ರವೇಶಕ್ಕೆ ಮುಖ್ಯ ಮಾನದಂಡ ಹಿಂದಿನ ಅಂಕಗಳಲ್ಲ, ಕಾಲೇಜಿಗೆ ಹೋಗಬೇಕೆಂಬ ಸ್ವಂತ ಇಚ್ಛೆ. ಹಿಂದಿನ ಶಾಲೆಯಲ್ಲಿ ಅನುತ್ತೀರ್ಣರಾಗಿದ್ದುದು, ಗೈರುಹಾಜರಾಗಿದ್ದುದು, ಶಿಸ್ತು ಕ್ರಮಕ್ಕೆ ಒಳಗಾಗಿದ್ದುದು ಇವಾವುವೂ ಅಡ್ಡಿಯಾಗುತ್ತಿರಲಿಲ್ಲ. ಇತರ ಶಾಲೆಗಳಲ್ಲಿ ಪ್ರವೇಶವನ್ನು ನಿರಾಕರಿಸಲು ಕಾರಣವಾಗುತ್ತಿದ್ದ ದಾಖಲೆಗಳೇ ಇಲ್ಲಿ ವಿದ್ಯಾರ್ಥಿಯ ಅಗತ್ಯವನ್ನು ತಿಳಿಸುವ ಮಾಹಿತಿಯಾಗಿ ಪರಿಗಣಿತವಾದವು.

ಶಾಲೆಯಿಂದ ಹೊರಬೀಳುವ ಕ್ರಮವೂ ವಿಶಿಷ್ಟವಾಗಿತ್ತು. ನಿಗದಿತ ವರ್ಷಗಳನ್ನು ಪೂರೈಸಿದ ಮಾತ್ರಕ್ಕೆ ಪ್ರಮಾಣಪತ್ರ ದೊರೆಯುತ್ತಿರಲಿಲ್ಲ. ಕಾಲೇಜೊಂದರಲ್ಲಿ ಪ್ರವೇಶ ದೊರೆತ ಮೇಲೆ ವಿದ್ಯಾರ್ಥಿಯು ಪದವೀಧರನೆನಿಸುತ್ತಿದ್ದನು. ಆದಕಾರಣ ಹಾರ್ಲೆಮ್ ಪ್ರೆಪ್‌ನ ಪದವೀಧರರೆಲ್ಲರೂ ಕಾಲೇಜಿಗೆ ಆಯ್ಕೆಯಾದವರೇ ಆಗಿದ್ದರು.

ವಿದ್ಯಾರ್ಥಿಗಳ ಸಂಖ್ಯೆ

ಮೊದಲ ದಿನಗಳಲ್ಲಿ ಶಾಲೆಯಲ್ಲಿದ್ದವರ ಸಂಖ್ಯೆ ಐವತ್ತರ ಆಸುಪಾಸಿನಲ್ಲಿತ್ತು. 1968ರ ಜೂನ್ ತಿಂಗಳಲ್ಲಿ ಮೊದಲ ತಂಡದ 35 ವಿದ್ಯಾರ್ಥಿಗಳು ಪದವೀಧರರಾದರು. ಕಟ್ಟಡ ಬದಲಾದ ನಂತರ ಸ್ಥಳಾವಕಾಶ ಹೆಚ್ಚಿ, 1970ರ ದಶಕದ ಆರಂಭದ ವೇಳೆಗೆ ದಾಖಲಾತಿ ಕೆಲವು ನೂರಕ್ಕೆ ಏರಿತು. 1974ರವರೆಗೆ ಕಾಲೇಜಿಗೆ ಹೋದವರ ಒಟ್ಟು ಸಂಖ್ಯೆ 750ನ್ನು ಮೀರಿತು.

ನಗರದ ದೊಡ್ಡ ಸಾರ್ವಜನಿಕ ಪ್ರೌಢಶಾಲೆಗಳಲ್ಲಿ ಆಗ ಸಾವಿರಾರು ವಿದ್ಯಾರ್ಥಿಗಳು ಇರುತ್ತಿದ್ದರು. ಅವುಗಳ ಮುಂದೆ ಹಾರ್ಲೆಮ್ ಪ್ರೆಪ್ ಚಿಕ್ಕ ಶಾಲೆಯಾಗಿತ್ತು. ಮುಖ್ಯೋಪಾಧ್ಯಾಯರು ಮತ್ತು ಶಿಕ್ಷಕರು ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಹೆಸರು ಹಿಡಿದು ಕರೆಯಬಲ್ಲ ಗಾತ್ರವೇ ಅದರ ಬಲವಾಗಿತ್ತು. ಆದರೆ ಅಗತ್ಯವಿದ್ದವರ ಒಟ್ಟು ಸಂಖ್ಯೆಗೆ ಹೋಲಿಸಿದರೆ ಇಲ್ಲಿ ಸ್ಥಳ ದೊರೆತವರು ಅಲ್ಪಭಾಗ ಮಾತ್ರ ಎಂಬುದೂ ಅಷ್ಟೇ ನಿಜ.

ವಿದ್ಯಾರ್ಥಿ ಸಮುದಾಯದ ಸ್ವರೂಪ

ವಯಸ್ಸು: ಸಾಮಾನ್ಯ ಪ್ರೌಢಶಾಲೆಯಲ್ಲಿ 14ರಿಂದ 18 ವರ್ಷದವರು ಓದುತ್ತಾರೆ. ಹಾರ್ಲೆಮ್ ಪ್ರೆಪ್‌ನಲ್ಲಿ ಹದಿಹರೆಯದ ಕೊನೆಯ ವರ್ಷಗಳಲ್ಲಿದ್ದವರು ಮತ್ತು ಇಪ್ಪತ್ತರ ಹರೆಯದವರು ಹೆಚ್ಚಾಗಿದ್ದರು. ಅವರಿಗಿಂತ ಹಿರಿಯರೂ ಇದ್ದರು. ಹದಿನಾರು ತುಂಬಿದವರು ಶಾಲೆ ಬಿಡಲು ಕಾನೂನು ಅವಕಾಶ ನೀಡುತ್ತಿದ್ದುದರಿಂದ, ಬಿಟ್ಟು ಕೆಲವು ವರ್ಷ ಕಳೆದ ಮೇಲೆ ಮರಳಿ ಬಂದವರ ಶಾಲೆಯಿದು. ದುಡಿದು ಅನುಭವ ಪಡೆದವರು, ಸೈನ್ಯದಿಂದ ಹಿಂದಿರುಗಿದವರು, ಸಂಸಾರದ ಹೊಣೆ ಹೊತ್ತವರು ಸಹಪಾಠಿಗಳಾಗಿ ಕುಳಿತರು. ಹುಡುಗರು ಮತ್ತು ಹುಡುಗಿಯರು ಒಟ್ಟಿಗೇ ಓದುತ್ತಿದ್ದರು.

ಜನಾಂಗ ಮತ್ತು ಭಾಷೆ: ವಿದ್ಯಾರ್ಥಿಗಳಲ್ಲಿ ಬಹುಸಂಖ್ಯಾತರು ಆಫ್ರಿಕನ್ ಅಮೆರಿಕನ್ನರು. ಪೋರ್ಟೊ ರಿಕೊ ಮೂಲದವರೂ, ಕಡಿಮೆ ಸಂಖ್ಯೆಯಲ್ಲಿ ಬಿಳಿಯರೂ ಇದ್ದರು. ಶಿಕ್ಷಕ ವರ್ಗದಲ್ಲಿಯೂ ಕಪ್ಪು ಜನರು, ಬಿಳಿಯರು, ಸನ್ಯಾಸಿನಿಯರು ಜೊತೆಯಾಗಿ ಕೆಲಸ ಮಾಡಿದರು. ಕಪ್ಪು ಜನರ ಅಸ್ಮಿತೆಯ ಚಳವಳಿಯು ಉಚ್ಛ್ರಾಯದಲ್ಲಿದ್ದ ಕಾಲದಲ್ಲಿ ಹಾರ್ಲೆಮ್‌ನ ಹೃದಯಭಾಗದ ಶಾಲೆಯೊಂದು ಎಲ್ಲರಿಗೂ ತೆರೆದಿದ್ದುದು ಗಮನಾರ್ಹ.

ಮತ ಮತ್ತು ರಾಜಕೀಯ ನಿಲುವು: ವಿದ್ಯಾರ್ಥಿಗಳಲ್ಲಿ ಕ್ರೈಸ್ತರು, ಸುನ್ನಿ ಮುಸ್ಲಿಮರು, ನೇಷನ್ ಆಫ್ ಇಸ್ಲಾಂ ಸಂಘಟನೆಯ ಅನುಯಾಯಿಗಳು, ಫೈವ್ ಪರ್ಸೆಂಟರ್ಸ್ ಎಂಬ ಪಂಥದವರು, ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಬೆಂಬಲಿಗರು ಇದ್ದರು. ಬೀದಿಯಲ್ಲಿ ಪರಸ್ಪರ ವಿರೋಧಿಗಳಾಗಿದ್ದ ಗುಂಪುಗಳ ಸದಸ್ಯರು ಇಲ್ಲಿ ಒಂದೇ ಮೇಜಿನ ಸುತ್ತ ಕುಳಿತು ಚರ್ಚಿಸುತ್ತಿದ್ದರು. ಈ ಭಿನ್ನತೆಯನ್ನು ಅಡಗಿಸುವ ಬದಲು ಅದನ್ನೇ ಕಲಿಕೆಯ ಸಾಧನವನ್ನಾಗಿ ಮಾಡುವುದು ಕಾರ್ಪೆಂಟರ್ ಅವರ ಧೋರಣೆಯಾಗಿತ್ತು. ಶಾಲೆಯ ಇತಿಹಾಸವನ್ನು ಆಳವಾಗಿ ಅಧ್ಯಯನ ಮಾಡಿದ ಬ್ಯಾರಿ ಗೋಲ್ಡನ್‌ಬರ್ಗ್ ಅವರು ಇಂದು ಬಹುಸಂಸ್ಕೃತಿ ಶಿಕ್ಷಣವೆಂದು ಕರೆಯಲಾಗುವ ಕ್ರಮದ ಆರಂಭಿಕ ರೂಪವನ್ನು ಇಲ್ಲಿ ಗುರುತಿಸಿದ್ದಾರೆ.

ಆರ್ಥಿಕ ಸ್ಥಿತಿ: ಹೆಚ್ಚಿನವರು ದುಡಿಯುವ ವರ್ಗದ ಮತ್ತು ಬಡ ಕುಟುಂಬಗಳಿಂದ ಬಂದವರು. ಶುಲ್ಕವಿಲ್ಲದಿದ್ದರೂ ಓದಿನ ಕಾಲದಲ್ಲಿ ಸಂಪಾದನೆಯನ್ನು ಬಿಟ್ಟುಕೊಡುವುದೇ ಅವರಿಗೆ ದೊಡ್ಡ ವೆಚ್ಚವಾಗಿತ್ತು.

ಬೋಧನೆಯ ಮೇಲಿನ ಪರಿಣಾಮ

ವಿದ್ಯಾರ್ಥಿಗಳ ಸ್ವರೂಪವೇ ಬೋಧನೆಯ ಕ್ರಮವನ್ನು ರೂಪಿಸಿತು. ಹದಿನಾರರ ಹುಡುಗಿಗೂ ಇಪ್ಪತ್ತೈದರ ಗಂಡಸಿಗೂ ಒಂದೇ ಬಗೆಯ ಶಿಸ್ತಿನ ನಿಯಮಗಳನ್ನು ಹೇರುವುದು ಸಾಧ್ಯವಿರಲಿಲ್ಲ. ಆದುದರಿಂದ ಉಡುಪು, ಕೇಶವಿನ್ಯಾಸ, ಮಾತುಕತೆ ಮೊದಲಾದ ವಿಷಯಗಳಲ್ಲಿ ವಿದ್ಯಾರ್ಥಿಗಳಿಗೆ ವಯಸ್ಕರಿಗೆ ಸಲ್ಲುವ ಸ್ವಾತಂತ್ರ್ಯವಿತ್ತು. ಗಣಿತ, ವಿಜ್ಞಾನ, ಇಂಗ್ಲಿಷ್ ವಿಷಯಗಳೊಂದಿಗೆ ಆಫ್ರಿಕದ ಇತಿಹಾಸವನ್ನೂ ಕಪ್ಪು ಲೇಖಕರ ಸಾಹಿತ್ಯವನ್ನೂ ಕಲಿಸಲಾಗುತ್ತಿತ್ತು. ಬೋಧನಾ ಪರವಾನಗಿ ಇಲ್ಲದಿದ್ದರೂ ವಿಷಯಜ್ಞಾನವುಳ್ಳವರನ್ನು ಶಿಕ್ಷಕರನ್ನಾಗಿ ನೇಮಿಸಿಕೊಳ್ಳಲು ಖಾಸಗಿ ಶಾಲೆಯಾದ ಇದಕ್ಕೆ ಅವಕಾಶವಿತ್ತು. ಕಾಲೇಜುಗಳ ಪ್ರತಿನಿಧಿಗಳೊಡನೆ ಸಂಪರ್ಕವಿಟ್ಟುಕೊಂಡು, ವಿದ್ಯಾರ್ಥಿಗಳಿಗೆ ಪ್ರವೇಶವನ್ನೂ ವಿದ್ಯಾರ್ಥಿವೇತನವನ್ನೂ ಕೊಡಿಸುವುದು ಶಾಲೆಯ ನಿತ್ಯದ ಕೆಲಸಗಳಲ್ಲಿ ಒಂದಾಗಿತ್ತು.

ದಾಖಲಾತಿ ಮತ್ತು ಹಣಕಾಸು

ಸಾರ್ವಜನಿಕ ಶಾಲೆಗೆ ಸರಕಾರದ ಹಣವು ವಿದ್ಯಾರ್ಥಿಗಳ ಸಂಖ್ಯೆ ಮತ್ತು ಹಾಜರಾತಿಯನ್ನು ಅನುಸರಿಸಿ ಬರುತ್ತದೆ. ಹಾರ್ಲೆಮ್ ಪ್ರೆಪ್ ಶಾಲೆಗೆ ಈ ಆಧಾರವಿರಲಿಲ್ಲ. ಶುಲ್ಕವನ್ನು ವಿಧಿಸುತ್ತಿರಲಿಲ್ಲವಾದ ಕಾರಣ ಸಾಮಾನ್ಯ ಖಾಸಗಿ ಶಾಲೆಗಳ ಆದಾಯವೂ ಇರಲಿಲ್ಲ. ಕಾರ್ನೆಗಿ ಕಾರ್ಪೊರೇಷನ್, ಫೋರ್ಡ್ ಪ್ರತಿಷ್ಠಾನ, ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಮೊದಲಾದವುಗಳ ಕೊಡುಗೆಗಳೇ ಅದರ ಜೀವಾಳವಾಗಿದ್ದವು.

ಇದರಿಂದ ಒಂದು ವಿಚಿತ್ರ ಪರಿಸ್ಥಿತಿ ಉಂಟಾಯಿತು. ಸಾರ್ವಜನಿಕ ಶಾಲೆಯಲ್ಲಿ ದಾಖಲಾತಿ ಏರಿದರೆ ಅನುದಾನವೂ ಏರುತ್ತದೆ. ಇಲ್ಲಿ ದಾಖಲಾತಿ ಏರಿದಂತೆ ವೆಚ್ಚ ಮಾತ್ರ ಏರಿತು. ಶಾಲೆಯ ಯಶಸ್ಸೇ ಅದರ ಮೇಲಿನ ಹೊರೆಯನ್ನು ಹೆಚ್ಚಿಸಿತು. ಇದಲ್ಲದೆ ಪ್ರತಿಷ್ಠಾನಗಳು ಸಾಮಾನ್ಯವಾಗಿ ಹೊಸ ಪ್ರಯೋಗಗಳನ್ನು ಆರಂಭಿಸಲು ಕೆಲವು ವರ್ಷಗಳ ಮಟ್ಟಿಗೆ ಹಣ ನೀಡುತ್ತವೆ. ಶಾಶ್ವತ ನಿರ್ವಹಣೆಯನ್ನು ಸರಕಾರ ವಹಿಸಿಕೊಳ್ಳಬೇಕೆಂದು ನಿರೀಕ್ಷಿಸುತ್ತವೆ. 1970ರ ದಶಕದ ಆರಂಭದಲ್ಲಿ ದೇಶದ ಆರ್ಥಿಕ ಸ್ಥಿತಿಯು ಹದಗೆಟ್ಟಾಗ ದಾನಿಗಳ ನೆರವು ಕುಗ್ಗಿತು.

ಸ್ವತಂತ್ರ ಶಾಲೆಯ ಮುಕ್ತಾಯ

ಬೇರೆ ಮಾರ್ಗ ಕಾಣದೆ ಶಾಲೆಯ ಹೊಣೆಗಾರರು ನಗರದ ಶಿಕ್ಷಣ ಮಂಡಳಿಯ ನೆರವನ್ನು ಕೋರಿದರು. 1974ರಲ್ಲಿ ಹಾರ್ಲೆಮ್ ಪ್ರೆಪ್ ಸಾರ್ವಜನಿಕ ವ್ಯವಸ್ಥೆಯ ಪರ್ಯಾಯ ಪ್ರೌಢಶಾಲೆಯಾಯಿತು. ಇದರಿಂದ ಹಣದ ಭದ್ರತೆ ದೊರೆಯಿತಾದರೂ, ಶಿಕ್ಷಕರ ಪರವಾನಗಿ, ನೇಮಕಾತಿ, ಪಠ್ಯಕ್ರಮ, ಆಡಳಿತ ಇವೆಲ್ಲವುಗಳಲ್ಲಿ ಮಂಡಳಿಯ ನಿಯಮಗಳು ಅನ್ವಯವಾದವು. ಶಾಲೆಯನ್ನು ಕಟ್ಟಿದ ಕಾರ್ಪೆಂಟರ್ ಅವರ ನೇತೃತ್ವ ಕೊನೆಗೊಂಡಿತು. ಅದೇ ಹೆಸರಿನಲ್ಲಿ ಶಾಲೆಯು ಕೆಲಕಾಲ ಮುಂದುವರಿದರೂ, ಮೊದಲಿನ ಸ್ವರೂಪ ಉಳಿಯಲಿಲ್ಲ. ಮರುವರ್ಷ, ಅಂದರೆ 1975ರಲ್ಲಿ, ನ್ಯೂಯಾರ್ಕ್ ನಗರ ಆಡಳಿತವೇ ದಿವಾಳಿಯ ಅಂಚಿಗೆ ಬಂದು ಶಾಲೆಗಳ ವೆಚ್ಚದಲ್ಲಿ ಭಾರಿ ಕಡಿತ ಮಾಡಬೇಕಾಯಿತು.

ಇಪ್ಪತ್ತೊಂದನೆಯ ಶತಮಾನದಲ್ಲಿ ಹಾರ್ಲೆಮ್ ಪ್ರೆಪ್ ಎಂಬ ಹೆಸರನ್ನು ಹೊತ್ತ ಚಾರ್ಟರ್ ಶಾಲೆಯು ಬೇರೆಯದೇ ಸಂಸ್ಥೆಯಾಗಿದ್ದು, ಅದನ್ನು ಈ ಶಾಲೆಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು.

ಸಮಕಾಲೀನ ಪರ್ಯಾಯ ಶಾಲೆಗಳೊಂದಿಗೆ ಹೋಲಿಕೆ

ಇದೇ ಅವಧಿಯಲ್ಲಿ ಅಮೆರಿಕದ ಇತರ ನಗರಗಳಲ್ಲಿಯೂ ಪರ್ಯಾಯ ಪ್ರೌಢಶಾಲೆಗಳು ಹುಟ್ಟಿದವು. ಯಾರನ್ನು ಸೇರಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಅವು ಬೇರೆ ಬೇರೆ ಉತ್ತರಗಳನ್ನು ಕಂಡುಕೊಂಡವು.

ಫಿಲಡೆಲ್ಫಿಯಾದ ಪಾರ್ಕ್‌ವೇ ಕಾರ್ಯಕ್ರಮವು 1969ರ ಫೆಬ್ರವರಿಯಲ್ಲಿ ಜಾನ್ ಬ್ರೆಮರ್ ಅವರ ನಿರ್ದೇಶನದಲ್ಲಿ ಆರಂಭವಾಯಿತು. 'ಗೋಡೆಗಳಿಲ್ಲದ ಶಾಲೆ' ಎಂದು ಪ್ರಸಿದ್ಧವಾದ ಇದು ವಸ್ತುಸಂಗ್ರಹಾಲಯ, ಗ್ರಂಥಾಲಯ, ಕಚೇರಿಗಳನ್ನೇ ತರಗತಿಗಳನ್ನಾಗಿ ಬಳಸಿಕೊಂಡಿತು. ನಗರದ ಎಂಟು ಶಾಲಾ ವಿಭಾಗಗಳಿಂದ ವಿದ್ಯಾರ್ಥಿಗಳನ್ನು ಲಾಟರಿಯ ಮೂಲಕ ಆರಿಸಲಾಗುತ್ತಿತ್ತು. ಇದ್ದ ಸ್ಥಾನಗಳಿಗಿಂತ ಅರ್ಜಿಗಳು ಹಲವು ಪಟ್ಟು ಹೆಚ್ಚಾಗಿದ್ದವು.

ಚಿಕಾಗೊ ನಗರದ ಮೆಟ್ರೊ ಪ್ರೌಢಶಾಲೆಯು 1970ರಲ್ಲಿ ಸುಮಾರು 150 ವಿದ್ಯಾರ್ಥಿಗಳೊಂದಿಗೆ ಆರಂಭವಾಗಿ 1991ರಲ್ಲಿ ಮುಚ್ಚಿತು. ಅಲ್ಲಿಯೂ ಲಾಟರಿಯ ಮೂಲಕ ಇಡೀ ನಗರದ ವಿದ್ಯಾರ್ಥಿಗಳನ್ನು ಆರಿಸಿ, ಕಪ್ಪು ಮತ್ತು ಬಿಳಿಯ ವಿದ್ಯಾರ್ಥಿಗಳು ಒಟ್ಟಿಗೆ ಓದುವಂತೆ ನೋಡಿಕೊಳ್ಳಲಾಯಿತು.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕೇಂದ್ರ ಸರಕಾರದ ನೆರವಿನ ಪ್ರಯೋಗದ ಅಂಗವಾಗಿ ಕಪ್ಪು ವಿದ್ಯಾರ್ಥಿಗಳಿಗಾಗಿ ಬ್ಲ್ಯಾಕ್ ಹೌಸ್, ಮೆಕ್ಸಿಕನ್ ಮೂಲದವರಿಗಾಗಿ ಕಾಸಾ ದೆ ಲಾ ರಾಸಾ ಎಂಬ ಶಾಲೆಗಳನ್ನು ತೆರೆಯಲಾಗಿತ್ತು. ಒಂದೇ ಜನಾಂಗಕ್ಕೆ ಸೀಮಿತವಾದ ದಾಖಲಾತಿಯು 1964ರ ನಾಗರಿಕ ಹಕ್ಕುಗಳ ಕಾಯಿದೆಗೆ ವಿರುದ್ಧವೆಂಬ ಆಕ್ಷೇಪದಿಂದಾಗಿ ಎರಡೂ 1973ರಲ್ಲಿ ಮುಚ್ಚಿದವು.

ಲಾಟರಿಯು ನಿಷ್ಪಕ್ಷಪಾತವಾದುದು, ಆದರೆ ಅರ್ಜಿ ಹಾಕಬೇಕೆಂಬ ಅರಿವಿದ್ದವರಿಗೆ, ಇನ್ನೂ ಶಾಲಾ ವ್ಯವಸ್ಥೆಯೊಳಗೆ ಇದ್ದವರಿಗೆ ಮಾತ್ರ ಅದು ಅವಕಾಶ ನೀಡುತ್ತದೆ. ಹಾರ್ಲೆಮ್ ಪ್ರೆಪ್ ವ್ಯವಸ್ಥೆಯ ಹೊರಗೆ ಬಿದ್ದಿದ್ದವರನ್ನು ಹುಡುಕಿ ತಂದಿತು. ಇದೇ ಅದರ ಮುಖ್ಯ ವ್ಯತ್ಯಾಸ.

ಅಂಕಿ ಅಂಶಗಳನ್ನು ಅರ್ಥೈಸುವ ಬಗೆ

ಇಂತಹ ಶಾಲೆಗಳ ದಾಖಲಾತಿಯ ಅಂಕಿಗಳನ್ನು ಓದುವಾಗ ಕೆಲವು ಎಚ್ಚರಿಕೆಗಳು ಅಗತ್ಯ.

ಮೊದಲನೆಯದಾಗಿ, ಒಂದು ನಿರ್ದಿಷ್ಟ ದಿನದಂದು ಇದ್ದ ವಿದ್ಯಾರ್ಥಿಗಳ ಸಂಖ್ಯೆಯೂ ಇಡೀ ವರ್ಷದಲ್ಲಿ ಸೇರಿದವರ ಸಂಖ್ಯೆಯೂ ಒಂದೇ ಅಲ್ಲ. ಪರ್ಯಾಯ ಶಾಲೆಗಳಲ್ಲಿ ವರ್ಷದ ನಡುವೆ ಸೇರುವವರು, ಬಿಡುವವರು, ಮರಳಿ ಬರುವವರು ಹೆಚ್ಚು. ಹೀಗಾಗಿ ಈ ಎರಡು ಸಂಖ್ಯೆಗಳ ನಡುವಿನ ಅಂತರವು ಸಾಮಾನ್ಯ ಶಾಲೆಗಿಂತ ದೊಡ್ಡದಾಗಿರುತ್ತದೆ.

ಎರಡನೆಯದಾಗಿ, ಪದವೀಧರರೆಲ್ಲರೂ ಕಾಲೇಜಿಗೆ ಹೋದರು ಎಂಬ ಹೇಳಿಕೆಯನ್ನು ಸೇರಿದವರೆಲ್ಲರೂ ಕಾಲೇಜಿಗೆ ಹೋದರು ಎಂದು ತಿಳಿಯಬಾರದು. ಕಾಲೇಜಿನ ಪ್ರವೇಶವೇ ಪದವಿಯ ಷರತ್ತಾಗಿದ್ದಾಗ ನೂರಕ್ಕೆ ನೂರು ಎಂಬ ಫಲಿತಾಂಶವು ನಿಯಮದಿಂದಲೇ ಬರುತ್ತದೆ. ಶಾಲೆಯ ನಿಜವಾದ ಸಾಧನೆಯನ್ನು ತೋರಿಸುವುದು ಶೇಕಡಾವಾರು ಪ್ರಮಾಣವಲ್ಲ, 750ಕ್ಕೂ ಹೆಚ್ಚು ಎಂಬ ಒಟ್ಟು ಸಂಖ್ಯೆ. ಇವರಲ್ಲಿ ಬಹುಪಾಲು ಜನರನ್ನು ಸಾರ್ವಜನಿಕ ಶಾಲೆಗಳ ಲೆಕ್ಕದಲ್ಲಿ 'ಶಾಲೆ ಬಿಟ್ಟವರು' ಎಂದು ಈಗಾಗಲೇ ಬರೆದು ಮುಗಿಸಲಾಗಿತ್ತು.

ಮೂರನೆಯದಾಗಿ, 'ಶಾಲೆ ಬಿಟ್ಟವರು' ಎಂಬ ಪದವೇ ಚರ್ಚಾಸ್ಪದ. ಅದು ಬಿಟ್ಟವರ ಮೇಲೆ ಹೊಣೆಯನ್ನು ಹೊರಿಸುತ್ತದೆ. ಅಮಾನತು, ಗೈರುಹಾಜರಿಯ ನೆಪದಲ್ಲಿ ಹೆಸರು ತೆಗೆದುಹಾಕುವುದು, ಬೇರೆ ದಾರಿ ನೋಡಿಕೊಳ್ಳುವಂತೆ ಸೂಚಿಸುವುದು ಇವುಗಳಿಂದ ಹೊರಬಿದ್ದವರನ್ನು 'ಹೊರದೂಡಲ್ಪಟ್ಟವರು' ಎನ್ನುವುದು ಹೆಚ್ಚು ಸರಿಯೆಂದು ಅನೇಕ ಶಿಕ್ಷಣ ಚಿಂತಕರು ಅಭಿಪ್ರಾಯಪಟ್ಟಿದ್ದಾರೆ. ಒಂದೇ ವಿದ್ಯಾರ್ಥಿಯನ್ನು ಯಾವ ಅಂಕಣದಲ್ಲಿ ಬರೆಯುತ್ತೇವೆ ಎಂಬುದರ ಮೇಲೆ ದೋಷವು ವಿದ್ಯಾರ್ಥಿಯದೋ ಶಾಲೆಯದೋ ಎಂಬ ತೀರ್ಮಾನವೂ ನಿಂತಿರುತ್ತದೆ.

ನಾಲ್ಕನೆಯದಾಗಿ, ಜನಾಂಗವೊಂದನ್ನೇ ಆಧಾರವಾಗಿಟ್ಟುಕೊಂಡ ಕೋಷ್ಟಕವು ಹಾರ್ಲೆಮ್ ಪ್ರೆಪ್ ಶಾಲೆಯನ್ನು ಏಕರೂಪದ ಶಾಲೆಯೆಂದು ತೋರಿಸುತ್ತದೆ. ವಯಸ್ಸು, ಮತ, ರಾಜಕೀಯ ನಂಬಿಕೆ, ಬದುಕಿನ ಅನುಭವ ಇವುಗಳನ್ನು ಪರಿಗಣಿಸಿದಾಗ ಮಾತ್ರ ಅಲ್ಲಿನ ವೈವಿಧ್ಯ ಗೋಚರಿಸುತ್ತದೆ.

ಪ್ರಭಾವ ಮತ್ತು ಮಹತ್ವ

ಶಾಲೆಯ ಕುರಿತು 'ಸ್ಟೆಪ್ ಬೈ ಸ್ಟೆಪ್' ಎಂಬ ಸಾಕ್ಷ್ಯಚಿತ್ರ ತಯಾರಾಯಿತು. ಕಾರ್ಪೆಂಟರ್ ಅವರು ಪೀಟರ್ ರಾಜರ್ಸ್ ಅವರೊಂದಿಗೆ ಬರೆದ ಲೇಖನವು ಪ್ರೌಢಶಾಲೆಗಳ ಕುರಿತ ಸಂಕಲನವೊಂದರಲ್ಲಿ 1971ರಲ್ಲಿ ಪ್ರಕಟವಾಯಿತು.

ಹಾರ್ಲೆಮ್ ಪ್ರೆಪ್ ನಡೆಯುತ್ತಿದ್ದ ಕಾಲದಲ್ಲಿಯೇ, 1970ರಲ್ಲಿ, ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು ನಗರದ ಪ್ರೌಢಶಾಲಾ ಪದವೀಧರರೆಲ್ಲರಿಗೂ ಪ್ರವೇಶ ನೀಡುವ ಮುಕ್ತ ಪ್ರವೇಶ ನೀತಿಯನ್ನು ಜಾರಿಗೆ ತಂದಿತು. 1972ರಲ್ಲಿ ನಗರದ ಶಿಕ್ಷಣ ಮಂಡಳಿಯೇ ಸಿಟಿ ಆ್ಯಸ್ ಸ್ಕೂಲ್ ಎಂಬ ಪರ್ಯಾಯ ಪ್ರೌಢಶಾಲೆಯನ್ನು ತೆರೆಯಿತು. ವಯಸ್ಸು ಮೀರಿದ, ತೇರ್ಗಡೆಗೆ ಬೇಕಾದಷ್ಟು ವಿಷಯಗಳನ್ನು ಪೂರೈಸದ ವಿದ್ಯಾರ್ಥಿಗಳಿಗಾಗಿ ಇಂದು ನ್ಯೂಯಾರ್ಕ್‌ನಲ್ಲಿ 'ಟ್ರಾನ್ಸ್‌ಫರ್ ಸ್ಕೂಲ್' ಎಂಬ ಶಾಲೆಗಳ ಪ್ರತ್ಯೇಕ ವರ್ಗವೇ ಇದೆ. ಪದವಿ ಪಡೆಯದ ವಿದ್ಯಾರ್ಥಿಗೆ 21 ವರ್ಷ ತುಂಬುವ ಶೈಕ್ಷಣಿಕ ವರ್ಷದ ಕೊನೆಯವರೆಗೂ ಸಾರ್ವಜನಿಕ ಶಾಲೆಯಲ್ಲಿ ಓದುವ ಹಕ್ಕನ್ನು ಅಲ್ಲಿನ ಕಾನೂನು ನೀಡುತ್ತದೆ.

ಓದಲು ಇಷ್ಟವಿಲ್ಲದವರೆಂದು ಪರಿಗಣಿತರಾದವರು ಅವಕಾಶ ದೊರೆತಾಗ ಕಾಲೇಜನ್ನು ಮುಟ್ಟಬಲ್ಲರು ಎಂಬುದನ್ನು ಹಾರ್ಲೆಮ್ ಪ್ರೆಪ್ ತೋರಿಸಿಕೊಟ್ಟಿತು. ಹಾಗೆಯೇ, ಅಂತಹ ಶಾಲೆಯೊಂದು ದಾನಿಗಳ ಕೊಡುಗೆಯನ್ನಷ್ಟೇ ನಂಬಿ ಬಹುಕಾಲ ನಿಲ್ಲಲಾರದು, ಸರಕಾರದ ಹಣವನ್ನು ಪಡೆದರೆ ತನ್ನ ಸ್ವರೂಪವನ್ನು ಉಳಿಸಿಕೊಳ್ಳುವುದು ಕಷ್ಟ ಎಂಬುದನ್ನೂ ಅದರ ಏಳು ವರ್ಷಗಳ ಇತಿಹಾಸವು ತಿಳಿಸುತ್ತದೆ.